ಹತ್ತು ಸಂಖ್ಯೆ, ಎರಡು ಪಾಲು

ಗಣಿತ ಕಲಿಸುವವರಿಗೆ ತಾಳ್ಮೆ ಜಾಸ್ತಿ ಎಂದು ಯಾರು ಹೇಳಿದರೋ ಗೊತ್ತಿಲ್ಲ. ನನಗಂತೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆ ವರ್ಷ ಅದು ಅಲ್ಲಿಂದ ಇಳಿಯಲೇ ಇಲ್ಲ. ಕಾರಣ ಹತ್ತನೇ ತರಗತಿಯ ಒಬ್ಬ ಹುಡುಗಿ ಮತ್ತು ಉಪಗಣಗಳ ಒಂದು ಲೆಕ್ಕ.

ನನ್ನ ಮನೆ ಚೌಡಾಪುರದಲ್ಲಿ. ಕೆಲಸ ಮಣ್ಣೂರ ಕಡೆಯ ಒಂದು ಹೈಸ್ಕೂಲಿನಲ್ಲಿ, ಅತಿಥಿ ಶಿಕ್ಷಕಿಯಾಗಿ. ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡು ಅಫಜಲಪುರ ಮುಟ್ಟಿ, ಅಲ್ಲಿಂದ ಟಂಟಂ ಆಟೋ ಹಿಡಿದು ಶಾಲೆಗೆ ಬರುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತಿತ್ತು. ಉಳಿದರ್ಧವನ್ನು ಈ ಹುಡುಗಿ ತೆಗೆಯುತ್ತಿದ್ದಳು. ಅವಳ ಅಪ್ಪ ಮತ್ತು ಕಾಕಾ ಭೀಮಾ ನದಿಯಲ್ಲಿ ಮೀನು ಹಿಡಿಯುವವರು. ಲೆಕ್ಕದಲ್ಲಿ ಅವಳಷ್ಟು ಚುರುಕಿನವರನ್ನು ನಾನು ನೋಡಿರಲಿಲ್ಲ, ಅವಳಷ್ಟು ಹಟದವರನ್ನೂ ನೋಡಿರಲಿಲ್ಲ.

ಆ ಸಲ ಕಲಬುರಗಿಯ ಒಂದು ಕಾಲೇಜಿನವರು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕಿನ ಮಕ್ಕಳಿಗೆಲ್ಲ ಸೇರಿಸಿ ಒಂದು ಗಣಿತ ಸ್ಪರ್ಧೆ ಇಟ್ಟಿದ್ದರು. ತಾಲ್ಲೂಕಿಗೆ ಒಬ್ಬರನ್ನು ಆರಿಸುತ್ತಾರೆ, ಆಯ್ಕೆಯಾದವರಿಗೆ ಪಿಯುಸಿ ಸೈನ್ಸ್ ಸೀಟು, ಜೊತೆಗೆ ಹಾಸ್ಟೆಲ್ಲಿನಲ್ಲಿ ಜಾಗ. ನಾನು ಹುಡುಗಿಯ ಅಪ್ಪನನ್ನು ಶಾಲೆಗೆ ಕರೆಸಿ ಮಾತಾಡಿದೆ. ಆತ ಮೆತ್ತಗಿನ ಮನುಷ್ಯ, ಮಾತು ಮಾತ್ರ ಖಡಕ್.

"ಓದೋದು ಬ್ಯಾಡ ಅನ್ನಂಗಿಲ್ರಿ ನಾ. ಆದ್ರ ದಿನಾ ಸಂಜಿಮುಂದ ಬಸ್ಸಿನ ಹಾದಿ ಕಾಯೋದು ಆಗಂಗಿಲ್ಲ. ಇರಾಕ ಜಾಗ ಸಿಕ್ರ ಸೈನ್ಸ್ ಓದ್ಲಿ. ಇಲ್ಲಂದ್ರ ಅವರ ಅತ್ತಿ ಹಂತ್ಯಾಕ ಹೊಲಿಗಿ ಕಲೀಲಿ."

ಅಂದರೆ ಆ ಒಂದು ಜಾಗದ ಮೇಲೆ ಹುಡುಗಿಯ ಮುಂದಿನದೆಲ್ಲ ನಿಂತಿತ್ತು. ಅವಳಿಗೂ ಅದು ಗೊತ್ತಿತ್ತು. ಶಾಲೆ ಬಿಟ್ಟ ಮೇಲೆ ದಿನವೂ ಕೂರಿಸಿಕೊಂಡು ಕಲಿಸತೊಡಗಿದೆ. ಸಂಖ್ಯೆಗಳ ಭಾಗ ಸಲೀಸಾಗಿ ಮುಗಿಯಿತು, ರೇಖಾಗಣಿತವೂ ಮುಗಿಯಿತು. ಗಣ, ಉಪಗಣ ಬಂದಾಗ ನನ್ನ ಗ್ರಹಚಾರ ಶುರುವಾಯಿತು.

ಲೆಕ್ಕ ಇಷ್ಟೇ. ಎರಡಂಕಿಯ ಹತ್ತು ಬೇರೆಬೇರೆ ಸಂಖ್ಯೆಗಳ ಒಂದು ಗಣ ಇದೆ. ಯಾವ ಸಂಖ್ಯೆಗಳಾದರೂ ಆಗಲಿ. ಅದರಿಂದ ಎರಡು ಉಪಗಣ ಆರಿಸಬೇಕು. ಒಂದರಲ್ಲಿದ್ದದ್ದು ಇನ್ನೊಂದರಲ್ಲಿ ಇರಬಾರದು, ಎರಡರ ಮೊತ್ತ ಮಾತ್ರ ಒಂದೇ ಇರಬೇಕು. ಕೆಲವು ಸಂಖ್ಯೆ ಹೊರಗೆ ಉಳಿದರೂ ನಡೆಯುತ್ತದೆ. ಹತ್ತು ಸಂಖ್ಯೆ ಯಾವುವೇ ಇರಲಿ, ಇಂಥ ಎರಡು ಪಾಲು ಇದ್ದೇ ಇರುತ್ತವೆ ಎಂದು ಸಾಧಿಸಿ. ಸ್ಪರ್ಧೆಗಳಲ್ಲಿ ಇದು ಹಳೆಯ ಗಿರಾಕಿ, ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ.

ಸಾಧನೆ ನಾಲ್ಕು ಸಾಲಿನದು. ಹತ್ತರಲ್ಲಿ ಪ್ರತಿಯೊಂದು ಸಂಖ್ಯೆಯನ್ನೂ ತಗೊಳ್ಳಬಹುದು ಅಥವಾ ಬಿಡಬಹುದು. ಹಾಗೆ ಖಾಲಿ ಗಣ ಬಿಟ್ಟು ಸಾವಿರದ ಇಪ್ಪತ್ಮೂರು ಉಪಗಣಗಳಾಗುತ್ತವೆ. ಮೊತ್ತ ಎಷ್ಟೇ ಹಿಗ್ಗಿದರೂ, ತೊಂಬತ್ತರಿಂದ ತೊಂಬತ್ತೊಂಬತ್ತರವರೆಗೆ ಕೂಡಿದರೆ ಬರುವ ಒಂಬೈನೂರ ನಲವತ್ತೈದನ್ನು ದಾಟುವುದಿಲ್ಲ. ಉಪಗಣಗಳು ಹೆಚ್ಚು, ಬರಬಹುದಾದ ಮೊತ್ತಗಳು ಕಡಿಮೆ. ಅಂದಮೇಲೆ ಯಾವುದೋ ಎರಡು ಉಪಗಣಕ್ಕೆ ಒಂದೇ ಮೊತ್ತ ಬರಲೇಬೇಕು. ಎರಡರಲ್ಲೂ ಇರುವ ಸಂಖ್ಯೆಗಳನ್ನು ತೆಗೆದುಹಾಕಿದರೆ ಮುಗಿಯಿತು. ಒಂದನ್ನೂ ಹುಡುಕಬೇಕಿಲ್ಲ, ಬೆರಳು ಮಡಚಬೇಕಿಲ್ಲ. ಈ ಸಾಧನೆ ಎಂದರೆ ನನಗೆ ಬಹಳ ಪ್ರೀತಿ. ಕಾಲೇಜಿನಲ್ಲಿ ಮೊದಲ ಸಲ ಓದಿದ ದಿನ ಊಟ ಮಾಡುವಾಗಲೂ ಅದನ್ನೇ ನೆನೆಸಿಕೊಂಡು ನಕ್ಕಿದ್ದೆ.

ಇದನ್ನೆಲ್ಲ ಬೋರ್ಡಿನ ಮೇಲೆ ಬರೆದು, ಕೈಯಲ್ಲಿದ್ದ ಸೀಮೆಸುಣ್ಣದ ಪುಡಿ ಜಾಡಿಸಿ ತಿರುಗಿ ನೋಡಿದರೆ, ಹುಡುಗಿ ಹುಬ್ಬು ಗಂಟು ಹಾಕಿಕೊಂಡು ಕೂತಿದ್ದಳು.

"ಟೀಚರ್, ಎಲ್ಲಿ ಅದಾವ್ರಿ ಆ ಎರಡು?"

"ಎಲ್ಲರ ಇರ್ಲಿ ಬೇ. ಇದ್ದೇ ಇರ್ತಾವಂತ ಗೊತ್ತಾತಲ್ಲ, ಅಷ್ಟ ಸಾಕು."

"ತೋರಸ್ರಿ."

ತೋರಿಸುವುದು ನಮ್ಮ ಕೆಲಸವಲ್ಲ ಎಂದು ಹೇಳಿದೆ. ಅವಳಿಗೆ ನಂಬಿಕೆ ಬರಲಿಲ್ಲ. ಸರಿ ಎಂದು ಟಂಟಮ್ಮಿನ ಉದಾಹರಣೆ ಕೊಟ್ಟೆ. ಟಂಟಮ್ಮಿನಲ್ಲಿ ಹತ್ತು ಸೀಟು, ಕೂತವರು ಹನ್ನೊಂದು ಮಂದಿ. ಹಾಗಾದರೆ ಯಾವುದೋ ಒಂದು ಸೀಟಿನಲ್ಲಿ ಇಬ್ಬರು ಕೂತಿರಲೇಬೇಕು, ಹೌದೋ ಅಲ್ಲೋ?

"ಯಾರ್ರಿ ಆ ಇಬ್ರು?"

"ಯಾರಾದ್ರೇನು ನಿನಗ?"

"ಹಂಗಲ್ರಿ. ಒಬ್ಬಾಂವ ಹಿಂದ ಜೋತುಬಿದ್ದಿದ್ರ? ನೋಡೇ ಹೇಳಬೇಕಲ್ರಿ."

ನಮ್ಮ ಟಂಟಂ ನೋಡಿದವರು ಯಾರೂ ಈ ಮಾತು ಸುಳ್ಳು ಎನ್ನಲಾರರು. ಹಾಗೆಂದು ನನ್ನ ಸಿಟ್ಟೇನೂ ಇಳಿಯಲಿಲ್ಲ. ಸೀಮೆಸುಣ್ಣವನ್ನು ಮೇಜಿನ ಮೇಲೆ ಕುಕ್ಕಿ ಹತ್ತು ಸಂಖ್ಯೆ ಹೇಳಿದೆ: ಹನ್ನೆರಡು, ಹದಿನೇಳು, ಇಪ್ಪತ್ಮೂರು, ಮೂವತ್ತೊಂದು, ಮೂವತ್ತೆಂಟು, ನಲವತ್ತಾರು, ಐವತ್ತೈದು, ಅರವತ್ನಾಲ್ಕು, ಎಪ್ಪತ್ತೊಂಬತ್ತು, ತೊಂಬತ್ತೊಂದು. ನಾನು ಕೊನೆಯ ಸಂಖ್ಯೆ ಬರೆದು ಮುಗಿಸುವುದರೊಳಗೆ ಅವಳು, "ಹದಿನೇಳು, ಮೂವತ್ತೆಂಟು ಒಂದು ಕಡಿ, ಐವತ್ತೈದು ಒಂದು ಕಡಿ. ಆತಲ್ರಿ?" ಎಂದಳು. ಮುಖದಲ್ಲಿ ಗೆದ್ದವಳ ಕಳೆ.

ಆಗಲಿಲ್ಲ ಬೇ, ಆಗಲಿಲ್ಲ. ಒಂದು ಗಣಕ್ಕೆ ಸಿಕ್ಕರೆ ಎಲ್ಲ ಗಣಕ್ಕೂ ಸಿಕ್ಕಂತೆ ಆಗುವುದಿಲ್ಲ. ಇದನ್ನು ನಾನು ಹೊಗಳಿ ಹೇಳಿದೆ, ಬೈದು ಹೇಳಿದೆ, ಚಹಾ ಕುಡಿಸಿ ಹೇಳಿದೆ. ಅವಳು ಪ್ರತಿ ಸಲ ತಲೆಯಾಡಿಸಿ, ಪ್ರತಿ ಸಲ ಹೊಸ ಹತ್ತು ಸಂಖ್ಯೆ ಬರೆದುಕೊಂಡು, ಎರಡು ಪಾಲು ಹುಡುಕಿ ತಂದು ತೋರಿಸುತ್ತಿದ್ದಳು. ಹಿಡಿದ ಮೊಲಕ್ಕೆ ಮೂರೇ ಕಾಲು. ಕೊನೆಗೆ, ಪರೀಕ್ಷೆಯಲ್ಲಿ "ಸಾಧಿಸಿ" ಎಂದು ಕೇಳಿದರೆ ಹುಡುಕಲು ಹೋಗಬೇಡ, ನಾನು ಬರೆಸಿದ ನಾಲ್ಕು ಸಾಲು ಕಣ್ಣು ಮುಚ್ಚಿ ಬರೆ ಎಂದು ಆಣೆ ಹಾಕಿಸಿಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ಆಳಂದದಲ್ಲಿ ಸ್ಪರ್ಧೆ ನಡೆಯಿತು. ನಾನೇ ಅವಳನ್ನು ಕರೆದುಕೊಂಡು ಹೋದೆ. ಹೊರಗೆ ಬೇವಿನ ಮರದ ಕೆಳಗೆ ಬೇರೆ ಶಾಲೆಗಳ ಶಿಕ್ಷಕರ ಜೊತೆ ಕೂತಿದ್ದೆ. ಪರೀಕ್ಷೆ ಮುಗಿದು ಪ್ರಶ್ನೆಪತ್ರಿಕೆ ಕೈಗೆ ಬಂದಾಗ ನನಗೆ ಕುಣಿಯುವಂತಾಯಿತು. ಅತಿ ಹೆಚ್ಚು ಅಂಕದ ಕೊನೆಯ ಪ್ರಶ್ನೆ ಅದೇ ಲೆಕ್ಕ, ಒಂದಕ್ಷರವೂ ಬದಲಾಗಿರಲಿಲ್ಲ.

"ಬರದಿಯಲ್ಲ?" ಎಂದು ಹೊರಗೆ ಬಂದ ಹುಡುಗಿಯನ್ನು ಕೇಳಿದೆ.

"ಹೂನ್ರಿ. ಏಳು ಗಣಕ್ಕ ಹುಡುಕೇನ್ರಿ. ಏಳಕ್ಕೂ ಸಿಕ್ತು."

ನಾಲ್ಕು ಸಾಲು ಎಲ್ಲಿ ಹೋಯಿತು ಎಂದು ಕೇಳಿದರೆ, "ಅದು ಬರದ್ರ ಸುಳ್ಳ ಬರದಂಗ ಅನಸ್ತದರಿ" ಎಂದಳು. ಸುಳ್ಳಂತೆ. ಗಣಿತದಲ್ಲಿ ಅದಕ್ಕಿಂತ ದೊಡ್ಡ ಸತ್ಯ ಯಾವುದಿದೆ? ಬಸ್ಸಿನಲ್ಲಿ ಕಲಬುರಗಿಯವರೆಗೆ ನಾನು ಬೈದೆ, ಅಲ್ಲಿಂದ ಚೌಡಾಪುರದವರೆಗೆ ಮಾತೇ ಆಡಲಿಲ್ಲ. ಚೌಡಾಪುರದ ಕ್ರಾಸಿನಲ್ಲಿ ಅವಳಪ್ಪ ಬೈಕ್ ತಂದು ಕಾಯುತ್ತಿದ್ದ. "ಹ್ಯಾಂಗಾತ್ರಿ?" ಎಂದು ಅವನು ಕೇಳಿದ್ದು ನನ್ನನ್ನೇ. ಗೋಣು ಅಲ್ಲಾಡಿಸಿ ಮನೆ ಕಡೆ ನಡೆದೆ.

ಫಲಿತಾಂಶ ಬಂತು. ಕೊನೆಯ ಪ್ರಶ್ನೆಗೆ ಅವಳಿಗೆ ಸೊನ್ನೆ, ಉಳಿದೆಲ್ಲಕ್ಕೂ ಪೂರ್ತಿ ಅಂಕ. ತಾಲ್ಲೂಕಿನಿಂದ ಬೇರೆ ಹುಡುಗ ಆಯ್ಕೆಯಾದ. ನಾನು ಕಾಲೇಜಿನವರಿಗೆ ಫೋನ್ ಮಾಡಿದೆ. ಅವರದ್ದು ತಪ್ಪಿರಲಿಲ್ಲ, ಅದೇ ಹೊಟ್ಟೆ ಉರಿಸಿದ್ದು. ಅವರದ್ದು ತಪ್ಪಿದ್ದರೆ ಜಗಳವಾದರೂ ಆಡಬಹುದಿತ್ತು. "ಹುಡುಗಿ ಶಾಣ್ಯಾಕಿ ಅದಾಳ ಮೇಡಮ್, ಚಿಂತಿ ಮಾಡಬ್ಯಾಡ್ರಿ. ಬ್ಯಾರೆ ಅವಕಾಶ ಇದ್ದೇ ಇರ್ತಾವ" ಎಂದರು.

ಹುಡುಗಿ ಎರಡು ದಿನ ಶಾಲೆಗೆ ಬರದಿದ್ದಾಗ ನಾನೇ ಅವಳ ಮನೆಗೆ ಹೋದೆ. ಮನೆಯಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಹೊಳೆ ದಂಡೆಯಲ್ಲಿದ್ದಾರೆ ಎಂದು ಪಕ್ಕದ ಮನೆಯವರು ಹೇಳಿದರು. ದಂಡೆಗೆ ಇಳಿದೆ. ಬಲೆ ಆಗಷ್ಟೇ ಮೇಲೆ ಬಂದಿತ್ತು. ಹಾಸಿದ ತಾಡಪತ್ರಿಯ ಮೇಲೆ ದೊಡ್ಡ ಮೀನು, ಸಣ್ಣ ಮೀನು ಕಲಸಿ ಬಿದ್ದಿದ್ದವು. ಒಂದು ಕಡೆ ಅಪ್ಪ, ಇನ್ನೊಂದು ಕಡೆ ಕಾಕಾ, ನಡುವೆ ಕುಕ್ಕರಗಾಲಲ್ಲಿ ಕೂತ ಹುಡುಗಿ. ಅಣ್ಣತಮ್ಮಂದಿರ ಬಲೆ ಒಂದೇ, ಒಲೆ ಬೇರೆ. ದಿನದ ಮೀನನ್ನು ಎರಡು ಸಮಪಾಲು ಮಾಡುವುದು ಅವಳ ಕೆಲಸವಂತೆ.

ಅವಳು ಒಂದೊಂದೇ ಮೀನನ್ನು ಅಂಗೈಯಲ್ಲಿ ತೂಗಿ ನೋಡಿ ಈ ಗುಂಪಿಗೆ, ಆ ಗುಂಪಿಗೆ ಹಾಕುತ್ತಿದ್ದಳು. ಯಾವ ಕಡೆಯೂ ಹೊಂದದ ಮೀನು ಪಕ್ಕದ ಬುಟ್ಟಿಗೆ ಹೋಗುತ್ತಿತ್ತು. ಅದು ಎರಡೂ ಮನೆಗೆ ಸೇರಿಸಿ ಮಾಡುವ ಸಾರಿಗೆ. ಗುಂಪು ಮುಗಿದ ಮೇಲೆ ಕಾಕಾ ಕೊಕ್ಕೆ ತಕ್ಕಡಿ ತಂದು ಎರಡನ್ನೂ ತೂಗಿದ. ಮುಳ್ಳು ಎರಡು ಸಲವೂ ಒಂದೇ ಕಡೆ ನಿಂತಿತು. ಆಮೇಲೆ ಅಪ್ಪ ಹೊಳೆ ಕಡೆ ಮುಖ ಮಾಡಿ ಬೆನ್ನು ತಿರುಗಿಸಿ ನಿಂತ. ಹುಡುಗಿ ಒಂದು ಗುಂಪಿನ ಮೇಲೆ ಕೈಯಿಟ್ಟು, "ಇದು ಯಾರದು?" ಎಂದು ಕೇಳಿದಳು. "ತಮ್ಮಂದು" ಎಂದ. ಅಲ್ಲಿಗೆ ಪಾಲು ಮುಗಿಯಿತು.

ನಾನು ನೋಡುತ್ತ ನಿಂತೆ. ಹತ್ತು ಸಂಖ್ಯೆ, ಎರಡು ಪಾಲು, ಹೊರಗೆ ಉಳಿದದ್ದು ಬುಟ್ಟಿಗೆ. ಮೈಯೆಲ್ಲ ಉರಿಯಿತು. ಇಷ್ಟು ದಿನ ಈ ಹುಡುಗಿ ನನಗೆ ಇದೊಂದು ಮಾತು ಹೇಳಬಾರದಿತ್ತೇ?

"ಸಮಪಾಲು ಇದ್ದೇ ಇರ್ತಾವ, ಹುಡುಕಂಗಿಲ್ಲ ಅಂತ ಇಲ್ಲಿ ಹೇಳಿದ್ರ ಏನಾಗ್ತದ?" ಎಂದು ಅವಳನ್ನು ಕೇಳಿದೆ.

ಉತ್ತರ ಕೊಟ್ಟವನು ಕಾಕಾ. "ಹಂಗಂದಿದ್ರ ನಾವಿಬ್ರೂ ಕೋರ್ಟಿನಾಗ ಇರ್ತಿದ್ವಿರಿ ಟೀಚರ್" ಎಂದು ಬೀಡಿ ಹಚ್ಚಿಕೊಂಡ. ಅಪ್ಪ ನಕ್ಕ. ಹುಡುಗಿ ನಗಲಿಲ್ಲ.

ಹೊರಡುವಾಗ ಅವಳು ರಸ್ತೆಯವರೆಗೆ ಬಂದಳು. ಕೈಯಿಂದ ಮೀನಿನ ವಾಸನೆ ಬರುತ್ತಿತ್ತು, ಅದಕ್ಕೇ ಏನೋ ಕೈ ಹಿಂದೆ ಕಟ್ಟಿಕೊಂಡಿದ್ದಳು. ಹೊಲಿಗೆ ಕಲಿಯಲು ಅತ್ತೆಯ ಮನೆಗೆ ಹೋಗುವುದು ಹತ್ತನೆಯ ಪರೀಕ್ಷೆ ಮುಗಿದ ಮರುವಾರವೇ ಎಂದು ನಿಶ್ಚಯವಾಗಿತ್ತು. ನನಗೆ ಏನಾದರೂ ಸಮಾಧಾನ ಹೇಳಬೇಕಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ.

"ಚಿಂತಿ ಮಾಡಬ್ಯಾಡ ಬೇ. ಒಂದು ಹೋದ್ರ ಏನಾತು, ಎಲ್ಲ್ಯರ ಒಂದು ಜಾಗ ಇದ್ದೇ ಇರ್ತದ."

ಅವಳು ನನ್ನ ಮುಖ ನೋಡಿದಳು. ಎದುರುತ್ತರ ಕೊಡುವ ದನಿಯಲ್ಲ, ನಿಜವಾಗಿ ಕೇಳುವ ದನಿ.

"ಎಲ್ಲಿ ಅದ್ರಿ ಟೀಚರ್? ತೋರಸ್ರಿ."

ಟಂಟಂ ಬಂತು. ನಾನು ಹತ್ತಿ ಕೂತೆ. ದಾರಿಯುದ್ದಕ್ಕೂ ಸಿಟ್ಟು ಕುದಿಯಿತು. ಅವಳ ಮೇಲೆ, ಕಾಕಾನ ಮೇಲೆ, ನಾಲ್ಕು ಸಾಲಿನ ಸಾಧನೆ ಬರೆದ ಯಾವನೋ ಪುಣ್ಯಾತ್ಮನ ಮೇಲೆ.

ಮರುವಾರದಿಂದ ಹುಡುಕತೊಡಗಿದೆ. ಅಫಜಲಪುರದಲ್ಲಿ ಹಾಸ್ಟೆಲ್ ತುಂಬಿದೆ ಎಂದರು. ಆಳಂದದಲ್ಲಿ ಜೂನ್‌ನಲ್ಲಿ ಬನ್ನಿ ಎಂದರು, ಜೂನ್‌ನಲ್ಲಿ ಹೋದರೆ ಮೊದಲೇ ಬರಬೇಕಿತ್ತು ಎಂದರು. ಅಷ್ಟರಲ್ಲಿ ಹುಡುಗಿ ಒಳ್ಳೆಯ ಅಂಕದಲ್ಲಿ ಪಾಸಾಗಿ, ಅತ್ತೆಯ ಮನೆಯಲ್ಲಿ ಬ್ಲೌಸಿಗೆ ಗುಂಡಿ ಹಚ್ಚುತ್ತಿದ್ದಳು. ಕೊನೆಗೆ ಜೇವರ್ಗಿಗೆ ಹೋದೆ. ಅಲ್ಲಿಯ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತರು ಕಡತದಿಂದ ತಲೆ ಎತ್ತದೆ ಹೇಳಿದರು.

"ಜಾಗ ಇದ್ದೇ ಇರ್ತಾವ್ರಿ ಮೇಡಮ್. ಹೋಗ್ರಿ, ಆಮ್ಯಾಲೆ ನೋಡೂಣು."

ಆ ಮಾತು ಎಷ್ಟು ಸಲ ಕೇಳಿದ್ದೆನೋ. ನನ್ನ ಕೆಲಸದ ವಿಷಯಕ್ಕೂ ಪ್ರತಿ ವರ್ಷ ಅದನ್ನೇ ಹೇಳುತ್ತಾರೆ, ಹುದ್ದೆ ಇದ್ದೇ ಇದೆ ಎಂದು. ತಲೆಯಾಡಿಸಿ ಬರುವುದು ನನಗೆ ರೂಢಿ. ಆ ದಿನ ಕಾಲು ಏಳಲಿಲ್ಲ. ಖುರ್ಚಿ ಎಳೆದು ಅವರ ಎದುರಿಗೇ ಕೂತೆ.

"ಎಲ್ಲಿ ಅದಾವ, ತೋರಸ್ರಿ."

ಗುಮಾಸ್ತರು ತಲೆ ಎತ್ತಿದರು. ಈಗ ಆಗುವುದಿಲ್ಲ ಎಂದರು, ಊಟದ ಹೊತ್ತು ಎಂದರು. ನೀವು ಊಟ ಮಾಡಿ ಬರ್ರಿ, ನಾ ಇಲ್ಲೇ ಕೂಡ್ತೇನಿ ಎಂದೆ. ಊಟ ಮುಗಿಸಿ ಬಂದವರು ನಾನು ಅಲ್ಲೇ ಇರುವುದನ್ನು ನೋಡಿ, ಗೊಣಗುತ್ತ ಹಾಸ್ಟೆಲ್ಲಿನ ಬೀಗದ ಕೈ ತೆಗೆದುಕೊಂಡು ಮುಂದೆ ನಡೆದರು. ನಾನು ಹಿಂದೆ ಹೋದೆ.

ಸಂಜೆ ಜೇವರ್ಗಿ ಸ್ಟ್ಯಾಂಡಿನಿಂದ ಹುಡುಗಿಗೆ ಫೋನ್ ಮಾಡಿದೆ. ಹಿಂದೆ ಹೊಲಿಗೆ ಮಷೀನಿನ ಸದ್ದು ಕೇಳುತ್ತಿತ್ತು. ಜಾಗ ಸಿಕ್ಕಿತು, ಸೋಮವಾರ ಅಪ್ಪನ ಜೊತೆ ಬಂದು ಹೆಸರು ಹಚ್ಚು ಎಂದೆ. ಮಷೀನು ನಿಂತಿತು.

"ಇದ್ದೇ ಇರ್ತದ ಅಂತ ಹೇಳ್ಯಾರೋ, ನೀವು ನೋಡೀರೋ?"

"ನೋಡೇನಿ ಬೇ. ಕಿಟಕಿ ಬಾಜೂಕಿನ ಮಂಚ. ಒಂದು ಕಾಲು ಗಿಡ್ಡ ಅದ, ಕೈ ಹಚ್ಚಿ ಅಲ್ಲಾಡಿಸಿ ನೋಡೇನಿ."