ಹಳೇ ಪೇಪರಿನ ರೇಸ್ ಕಾರು

ಹೊಸ ರಬ್ಬರ್ ಟೈರಿನ ವಾಸನೆ ನಮ್ಮ ಮನೆಯವರಿಗೆ ಆಗಲ್ಲ, ತಲೆನೋವು ಬರುತ್ತೆ ಅಂತಾರೆ. ನನಗೆ ಬರೋದು ಸಿಟ್ಟು. ಹೋದ ತಿಂಗಳು ಸಿಂಗಪುರದ ಪುಂಗೋಲಿನ ನಮ್ಮ ಮನೆಗೆ ಒಂದು ಪಾರ್ಸೆಲ್ ಬಂತು. ತೊಂಬತ್ತರ ದಶಕದಲ್ಲಿ ಹೊರಬಂದಿದ್ದ ಒಂದು ರಿಮೋಟ್ ಬಗ್ಗಿಯನ್ನ ಜಪಾನಿನ ಕಂಪನಿಯವರು ಮತ್ತೆ ಮಾರೋಕೆ ಶುರು ಮಾಡಿದ್ದಾರೆ ಅಂತ ಗೊತ್ತಾಗಿ ನಾನೇ ಆರ್ಡರ್ ಮಾಡಿದ್ದೆ. ಬಗ್ಗಿ ಅಂದರೆ ಕಲ್ಲು, ಮಣ್ಣು, ಹುಲ್ಲು ಅನ್ನದೆ ನೆಗೆದುಕೊಂಡು ಓಡೋ ಪುಟ್ಟ ರೇಸ್ ಕಾರು, ಹೆಚ್ಚುಕಮ್ಮಿ ಒಂದು ಮೊಳ ಉದ್ದ ಇರುತ್ತೆ. ಡಬ್ಬಿ ಬಿಚ್ಚಿ ಟೈರಿನ ಕವರ್ ಹರಿದಿದ್ದೇ ತಡ, ಆ ವಾಸನೆ ಮೂಗಿಗೆ ಹೊಡೀತು... ಬೆಡೋಕಿನ ಅಂಕಲ್ ನೆನಪಾದರು. ಹಿಂದೆಯೇ ಆ ಹಳೇ ಸಿಟ್ಟೂ ಬಂತು.

ಯಾಕೆ ಸಿಟ್ಟು ಅಂತೀರಾ? ಇದೇ ಬಗ್ಗಿ ಬರೋದಕ್ಕೆ ಮುಂಚೆ, ಅದು ಹೇಗಿರಬಹುದು ಅಂತ ಒಂದು ಊಹೆ ಮಾಡಿದ್ದಕ್ಕೆ ಆ ಮನುಷ್ಯನ ಮಾನ ತೆಗೆದರು. ಊಹೆ ಮಾಡಿದ್ದಕ್ಕೆ ರೀ! ಕಳ್ಳತನ ಮಾಡಿದ್ದಕ್ಕಲ್ಲ.

ಮದುವೆಯಾಗಿ ಮೈಸೂರಿನಿಂದ ಸಿಂಗಪುರಕ್ಕೆ ಬಂದ ಹೊಸತು, ಬೆಡೋಕ್ ಅನ್ನೋ ಬಡಾವಣೆಯಲ್ಲಿ ಮನೆ. ನಮ್ಮ ಮನೆಯವರಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ, ಭಾನುವಾರ ಅನ್ನೋದೇ ಇರಲಿಲ್ಲ. ಒಂದು ಸಂಜೆ ಮಾರ್ಕೆಟ್ಟಿನಿಂದ ಬರ್ತಾ ನಮ್ಮ ಬ್ಲಾಕಿನ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಕಟ್ಟಡದ ಕೆಳಗಿನ ಖಾಲಿ ಜಾಗದಲ್ಲಿ ನಡೀತಿದ್ದೆ, ಎಲ್ಲಿಂದಲೋ ಒಂದು ಪುಟ್ಟ ಕಾರು ಬಂದು ನನ್ನ ಕಾಲಿಗೇ ಗುದ್ದಿತು. ತರಕಾರಿ ಚೀಲ ಕೆಳಗೆ ಬಿತ್ತು. ಅದರ ಹಿಂದೆ ಚಡ್ಡಿ ಹಾಕಿಕೊಂಡ, ನಡುವಯಸ್ಸಿನ, ತಲೆ ಬೋಳಾದ ಒಬ್ಬರು ಓಡಿಬಂದರು. ಬಂದವರು ಮೊದಲು ಎತ್ತಿಕೊಂಡಿದ್ದು ಕಾರನ್ನ! ಅದರ ಚಕ್ರ ತಿರುಗಿಸಿ ನೋಡಿ, ಆಮೇಲೆ ನನ್ನ ಮುಖ ನೋಡಿದರು. "ಅಯ್ಯೋ, ಕಣ್ಣು ಕಾಣಲ್ವಾ ಇವರಿಗೆ" ಅಂತ ನನ್ನಷ್ಟಕ್ಕೇ ಗೊಣಗಿದೆ. "ಕಾಣ್ತದೆ ಮಾರಾಯ್ತಿ, ಬ್ರೇಕ್ ಹಿಡೀಲಿಲ್ಲ" ಅಂದರು ಅವರು! ಉಡುಪಿ ಕಡೆಯವರು, ಬ್ಯಾಂಕಿನಲ್ಲಿ ಆಫೀಸರ್, ಪಕ್ಕದ ಬ್ಲಾಕಿನಲ್ಲೇ ಮನೆ. ಟೊಮೇಟೊ ಎಲ್ಲ ಆರಿಸಿಕೊಟ್ಟು, ಮನೆಗೆ ಕರೆದುಕೊಂಡು ಹೋಗಿ, ಹೆಂಡತಿಯ ಕೈಯಲ್ಲಿ ನೀರುದೋಸೆ ಮಾಡಿಸಿ ಹಾಕಿದರು. ಆವತ್ತಿನಿಂದ ಅವರು ನನಗೆ ಅಂಕಲ್, ಅವರ ಹೆಂಡತಿ ಆಂಟಿ.

ತಿಂಗಳೊಪ್ಪತ್ತಿನಲ್ಲಿ ನನ್ನ ಕೈಗೂ ಒಂದು ರಿಮೋಟ್ ಬಂತು. ಬೆಡೋಕಿನಲ್ಲಿ ಇಂಥ ರಿಮೋಟ್ ಕಾರು ಮಾರೋ ಒಂದು ಹಾಬಿ ಅಂಗಡಿ ಇತ್ತು. ಅದರ ಗಿರಾಕಿಗಳೇ ಒಂದು ಗುಂಪು ಕಟ್ಟಿಕೊಂಡು ಭಾನುವಾರ ಮಧ್ಯಾಹ್ನ ಒಂದು ಖಾಲಿ ಮೈದಾನದಲ್ಲಿ ಬಗ್ಗಿ ಓಡಿಸ್ತಿದ್ದರು. ಆ ಗುಂಪಿನಲ್ಲಿ ನಾನೊಬ್ಬಳೇ ಹೆಂಗಸು. ನನಗೆ ಆಗ ಇಪ್ಪತ್ತೈದೂ ದಾಟಿರಲಿಲ್ಲ, ಆದರೂ ಆ ಹುಡುಗರು ಆಂಟಿ ಅಂತಲೇ ಕರೀತಿದ್ದರು. ಅದಕ್ಕೂ ಸಿಟ್ಟು ಬರ್ತಿತ್ತು ಅನ್ನಿ.

ಓಡಿಸೋದಕ್ಕಿಂತ ಹೆಚ್ಚು ಮಾತು. ಅದೂ ಮುಂದೆ ಬರೋ ಬಗ್ಗಿಯ ಮೇಲೆ. ಆಗ ಈಗಿನ ಹಾಗೆ ಇಂಟರ್ನೆಟ್ ಎಲ್ಲಿತ್ತು? ಜಪಾನಿನ ಮ್ಯಾಗಜೀನ್ ಒಂದು ಅಂಗಡಿಗೆ ಬರ್ತಿತ್ತು, ಅದನ್ನ ಓದೋಕೆ ಬರೋರು ಯಾರೂ ಇಲ್ಲ, ಎಲ್ಲರೂ ಚಿತ್ರ ನೋಡೋರೇ. ಒಂದು ಸಲ ಅದರ ಮೂಲೆಯಲ್ಲಿ ಒಂದು ಚಿತ್ರ ಬಂತು. ಬಟ್ಟೆ ಮುಚ್ಚಿದ ಏನೋ ಒಂದು, ಕೆಳಗೆ ಒಂದೇ ಒಂದು ಚಕ್ರ ಇಣುಕ್ತಿತ್ತು. ಅಷ್ಟು ಸಾಕಾಯ್ತು ನೋಡಿ! ಮೋಟಾರ್ ಹಿಂದಿರುತ್ತೋ ಮಧ್ಯದಲ್ಲಿರುತ್ತೋ, ಬೆಲ್ಟ್ ಇರುತ್ತೋ ಇಲ್ಲವೋ, ಮೂಗು ಉದ್ದವೋ ಮೊಂಡೋ... ತಿಂಡಿ ಅಂಗಡಿಗಳ ಸಾಲಿರೋ ಹಾಕರ್ ಸೆಂಟರಿನಲ್ಲಿ ಕೂತು ಟೀ ಆರಿಹೋಗೋವರೆಗೂ ಕಿತ್ತಾಟ.

ಈ ಕಿತ್ತಾಟಕ್ಕೆ ಅಂಕಲ್ ಒಂದು ಪದ್ಧತಿ ತಂದಿದ್ದರು. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ನಿನ್ನ ಊಹೆ ಏನೋ ಅದರ ಹಾಗೇ ಒಂದು ಮೈ, ಅಂದರೆ ಕಾರಿನ ಮೇಲಿನ ಕವಚ ಮಾಡಿ, ನಿನ್ನ ಹಳೇ ಬಗ್ಗಿಗೆ ತೊಡಿಸಿ, ಮೈದಾನದಲ್ಲಿ ಓಡಿಸಿ ತೋರಿಸಬೇಕು. ಎಲ್ಲರೂ ನೋಡಿ ನಕ್ಕು ಕೊನೆಗೆ ಒಂದನ್ನ ಮೆಚ್ಚೋದು. ಒಬ್ಬ ರಟ್ಟಿನಲ್ಲಿ ಮಾಡ್ತಿದ್ದ, ಇನ್ನೊಬ್ಬ ಥರ್ಮಾಕೋಲಿನಲ್ಲಿ. ಅಂಕಲ್ ಮಾತ್ರ ಹಳೇ ಪೇಪರಿಗೆ ಮೈದಾ ಅಂಟು ಬಳಿದು, ಪದರದ ಮೇಲೆ ಪದರ ಅಂಟಿಸಿ, ಒಣಗಿಸಿ, ಮರಳುಕಾಗದದಲ್ಲಿ ಉಜ್ಜಿ, ಬಣ್ಣ ಹೊಡೀತಿದ್ದರು. ಆಂಟಿ ಅಡುಗೆಮನೆಯಿಂದಲೇ "ನಮ್ಮ ಮನೇಲಿ ಮೈದಾ ತಿನ್ನುದು ಕಾರು" ಅಂತ ಕೂಗೋರು. ಅಂಕಲ್ ಊಹೆ ಒಂದೂ ನಿಜ ಆಗ್ತಿರಲಿಲ್ಲ, ಅದು ಬೇರೆ ಮಾತು. ಹೊಸ ಬಗ್ಗಿ ಬಂದಾಗಲೆಲ್ಲ ಅವರದ್ದೇ ಎಲ್ಲರಿಗಿಂತ ದೂರ ಇರ್ತಿತ್ತು, ಅವರೇ ಎಲ್ಲರಿಗಿಂತ ಜೋರಾಗಿ ನಗೋರು. ನಗೋಕೇ ಮಾಡ್ತಿದ್ದರೋ ಏನೋ.

ಬಟ್ಟೆ ಮುಚ್ಚಿದ ಆ ಬಗ್ಗಿಗೆ ಅಂಕಲ್ ಮಾಡಿದ ಮೈ ಮಾತ್ರ, ನಿಜ ಹೇಳ್ತೀನಿ, ಕಣ್ಣಿಗೆ ಹಬ್ಬ. ಮೊಂಡು ಮೂಗು, ಎತ್ತರದ ಬೆನ್ನು, ಹಿಂದೆ ಎರಡು ರೆಕ್ಕೆ, ಮೇಲೆಲ್ಲ ಕಿತ್ತಳೆ ಬಣ್ಣ. ಮೈದಾನದಲ್ಲಿ ಧೂಳೆಬ್ಬಿಸಿಕೊಂಡು ತಿರುವು ತಗೊಂಡಾಗ ನಾವೆಲ್ಲ ಹೋ ಅಂತ ಕೂಗಿದ್ವಿ. ಗುಂಪಿನಲ್ಲಿ ಕ್ಯಾಮೆರಾ ಇದ್ದ ಒಬ್ಬ ಒಂದು ಫೋಟೋ ಹೊಡೆದ. ಫಿಲ್ಮ್ ತೊಳೆಸಿ ನೋಡಿದರೆ ಕಾರು ಅರ್ಧ ಧೂಳಿನಲ್ಲಿ, ಅರ್ಧ ಮಸುಕು. ಪೇಪರು, ಅಂಟು, ಕುಂಚದ ಗೆರೆ ಒಂದೂ ಕಾಣ್ತಿರಲಿಲ್ಲ. ಥೇಟ್ ಕಂಪನಿಯವರು ಕದ್ದುಮುಚ್ಚಿ ಓಡಿಸ್ತಿದ್ದಾಗ ಯಾರೋ ಮರೆಯಲ್ಲಿ ನಿಂತು ಹೊಡೆದ ಹಾಗಿತ್ತು.

ಆ ಫೋಟೋ ತಗೊಂಡು ಹೋಗಿ ಅಂಗಡಿಯವನು ಗಾಜಿನ ಬಾಗಿಲಿಗೆ ಅಂಟಿಸಿದ. ಅಂಗಡಿಯವನಿಗೆ ಗೊತ್ತಿರಲಿಲ್ಲ ಅಂತ ಯಾರೂ ಹೇಳಬೇಡಿ. ಆ ಭಾನುವಾರ ಅವನೂ ಅಲ್ಲೇ ನಿಂತು ಚಪ್ಪಾಳೆ ತಟ್ಟಿದ್ದ. ಬೇರೆ ಕಡೆಯಿಂದ ಬಂದ ಗಿರಾಕಿಗಳು "ಇದೇನಾ ಹೊಸದು?" ಅಂತ ಕೇಳಿದರೆ ನಗೋನು, ಅಷ್ಟೇ. ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಮುಂಗಡ ಕೊಟ್ಟರೆ ಮಾತ್ರ ಬೇಡ ಅನ್ನದೆ ತಗೊಂಡ. ಎಂಥಾ ಜಾಣ ನೋಡಿ! ಅಂಕಲ್ ಮೊದಮೊದಲು ಮಗುವಿನ ಹಾಗೆ ಹಿಗ್ಗಿದ್ದರು. ಮುಂಗಡದ ವಿಷಯ ಕಿವಿಗೆ ಬಿದ್ದ ದಿನವೇ ಹೋಗಿ, ಅದನ್ನ ತೆಗೆದುಬಿಡಿ, ಜನ ನಂಬ್ತಾರೆ ಅಂದರು. ನಾನು ಪಕ್ಕದಲ್ಲೇ ಇದ್ದೆ. "ಓಕೆ ಲಾ, ಓಕೆ ಲಾ" ಅಂದ ಅಂಗಡಿಯವನು. ಮುಂದಿನ ವಾರ ಹೋದರೆ ಫೋಟೋ ಅಲ್ಲೇ ಇತ್ತು. ನಾನು ಕೀಳೋಕೆ ಹೋದೆ, ಗಾಜಿನ ಒಳಗಡೆಯಿಂದ ಅಂಟಿಸಿದ್ದ.

ಕೊನೆಗೆ ಬಗ್ಗಿ ಬಂತು. ಶನಿವಾರ ಮಧ್ಯಾಹ್ನ ಅಂಗಡಿ ತುಂಬ ಜನ. ಡಬ್ಬಿ ನೋಡಿದರೆ ಉದ್ದ ಮೂಗು, ಸಪಾಟು ಬೆನ್ನು, ಒಂದೇ ರೆಕ್ಕೆ. ಒಳ್ಳೇ ಬಗ್ಗಿಯೇ, ಈಗ ಪಾರ್ಸೆಲ್ಲಿನಲ್ಲಿ ಬಂದು ನನ್ನ ಮೇಜಿನ ಮೇಲೆ ಕೂತಿರೋದು ಅದೇ. ಆದರೆ ಮುಂಗಡ ಕೊಟ್ಟವರಿಗೆ ಬೇಕಾಗಿದ್ದು ಕಿತ್ತಳೆ ಬಣ್ಣದ್ದು! ಗಲಾಟೆ ಶುರುವಾಯ್ತು. ಫೋಟೋ ಎಲ್ಲಿಂದ ಬಂತು, ಯಾರು ಕೊಟ್ಟಿದ್ದು, ಇದು ಮೋಸ ಅಂತ ಬಾಯಿಗೆ ಬಂದದ್ದು ಕೂಗಿದರು. ಅಂಗಡಿಯವನು ಒಂದು ಕ್ಷಣ ಸುತ್ತ ನೋಡಿದ. ಆಮೇಲೆ ಕೈಯೆತ್ತಿ ಅಂಕಲ್ ಕಡೆ ತೋರಿಸಿದ.

"ದಿಸ್ ಅಂಕಲ್ ಮೇಕ್ ಒನ್."

ಮಾಡಿದ್ದು ಈ ಅಂಕಲ್ಲೇ ಅಂತ! ಎಲ್ಲರೂ ತಿರುಗಿದರು. ಫೋಟೋ ಹೊಡೆದವನು ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡ್ತಾ ನಿಂತ. ಭಾನುವಾರ ಹೋ ಅಂತ ಕೂಗಿದವರು ಅಲ್ಲಿ ಎಷ್ಟು ಜನ ಇದ್ದರು, ಒಬ್ಬನಾದರೂ ಬಾಯಿ ಬಿಡಬೇಡವಾ? ಅಂಕಲ್ ಮಾತಾಡಲಿ ಅಂತ ನಾನು ಕಾದೆ. ಈಗ ಹೇಳ್ತಾರೆ, ನಾನು ಆಗಲೇ ತೆಗೆಯೋಕೆ ಹೇಳಿದ್ದೆ ಅಂತ ಈಗ ಹೇಳ್ತಾರೆ... ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಸಾರಿ. ಮೈ ಮಿಸ್ಟೇಕ್. ಎಲ್ಲರಿಗೂ ಸಾರಿ" ಅಂತ ಇಂಗ್ಲಿಷಿನಲ್ಲಿ ಹೇಳಿ ಕೈ ಮುಗಿದರು.

ಕೈ ಮುಗಿದರು ರೀ! ನನಗೆ ಮೈಯೆಲ್ಲ ಉರಿದುಹೋಯ್ತು. ನಡೆದದ್ದನ್ನೆಲ್ಲ ಕೂಗಿ ಹೇಳಿದೆ, ಅರ್ಧ ಇಂಗ್ಲಿಷ್, ಅರ್ಧ ಕನ್ನಡ, ಏನು ಬಂತೋ ಅದು. "ಕೂಲ್ ಡೌನ್ ಲಾ, ಆಂಟಿ. ಅವರೇ ಒಪ್ಪಿಕೊಂಡರಲ್ಲ" ಅಂದ ಒಬ್ಬ. ಅಪರಾಧಿಯೇ ಒಪ್ಪಿಕೊಂಡ ಮೇಲೆ ಸಾಕ್ಷಿಯ ಮಾತು ಯಾರು ಕೇಳ್ತಾರೆ?

ಮನೆಗೆ ಬರೋ ದಾರಿಯಲ್ಲಿ ಅವರ ಮೇಲೇ ಹಾರಿಬಿದ್ದೆ. "ನೀವೇನು ಮಾಡಿದ್ದೀರಿ ಅಂತ ಸಾರಿ ಕೇಳಿದ್ರಿ ಅಂಕಲ್? ನಿಮಗೆ ಮಾನ ಮರ್ಯಾದೆ ಬೇಡವಾ?" ಅವರಿಗಿಂತ ಚಿಕ್ಕವಳು ಕೇಳೋ ಮಾತಲ್ಲ, ಕೇಳಿಬಿಟ್ಟೆ.

ಅವರು ಸಮಾಧಾನವಾಗೇ ಇದ್ದರು. "ಅವನು ತಪ್ಪು ಮಾಡಿದ ಅಂತ ಗೊತ್ತಾದ್ರೆ ಆ ಅಂಗಡಿಗೆ ಇನ್ನು ಯಾರು ಬರ್ತಾರೆ? ಅಂಗಡಿ ಮುಚ್ಚಿದ್ರೆ ನಮ್ಮ ಭಾನುವಾರ ಎಲ್ಲಿಗೆ ಹೋಗುದು ಮಾರಾಯ್ತಿ? ಒಂದು ಸಾರಿ ಹೇಳಿದ್ರೆ ನಂದೆಂತ ಸವೆದು ಹೋಗ್ತದಾ?"

ಸವೆದುಹೋಯ್ತು ಅಂಕಲ್. ಎಲ್ಲ ಸವೆದುಹೋಯ್ತು. ಮುಂದಿನ ಭಾನುವಾರ ಯಾವುದೋ ಹೊಸ ಟೈರಿನ ಬಗ್ಗೆ ಅಂಕಲ್ ಬಾಯಿ ತೆಗೆದರೋ ಇಲ್ಲವೋ, "ಅಂಕಲ್ ಮಾತು ನಂಬಬೇಡ್ರೋ" ಅಂತ ಒಬ್ಬ ನಕ್ಕ, ಮಿಕ್ಕವರೂ ನಕ್ಕರು. ಮೈ ಮಾಡಿ ಓಡಿಸೋ ಆ ಪದ್ಧತಿಯನ್ನೇ ನಿಲ್ಲಿಸಿದರು, ಅದರಿಂದಲೇ ತೊಂದರೆ ಆಗಿದ್ದು ಅಂತೆ! ಸುದ್ದಿ ನಮ್ಮ ಕನ್ನಡದವರಿಗೂ ಮುಟ್ಟಿತು. ಗಣೇಶನ ಹಬ್ಬದ ಊಟದಲ್ಲಿ ಒಬ್ಬ ಮಹಾಶಯ "ಬ್ಯಾಂಕಿನಲ್ಲೂ ಡೂಪ್ಲಿಕೇಟ್ ನೋಟು ಮಾಡ್ತೀರಾ ಹೇಗೆ?" ಅಂತ ಅಂಕಲ್ ಬೆನ್ನು ತಟ್ಟಿದ. ಆಂಟಿ ಬಡಿಸ್ತಾ ಇದ್ದರು. ಅಂಕಲ್ ನಕ್ಕುಬಿಟ್ಟರು. ಎಂಥಾ ಜನ ರೀ! ಬ್ಯಾಂಕಿನವರಿಗೆ ಆ ಮಾತು ಅನ್ನಬಹುದಾ, ಅದೂ ಹೆಂಡತಿ ಎದುರಿಗೆ?

ಅದಾದ ಮೇಲೆ ಅಂಕಲ್ ಮೈದಾನಕ್ಕೆ ಬರಲಿಲ್ಲ. ಕೇಳಿದರೆ ಮಂಡಿ ನೋವು ಅಂದರು. ಆಮೇಲೆ ಅವರು ಬೆಡೋಕ್ ಬಿಟ್ಟು ದೂರಕ್ಕೆ ಶಿಫ್ಟ್ ಆದರು. ಅಂಗಡಿ ಮಾತ್ರ ಸುಖವಾಗಿ ನಡೀತು ಬಿಡಿ. ಯಾರ ಭಾನುವಾರಕ್ಕೋಸ್ಕರ ಅಂಕಲ್ ಹೆಸರು ಕೆಡಿಸಿಕೊಂಡರೋ ಅವರೆಲ್ಲ ಭಾನುವಾರ ಭಾನುವಾರ ಓಡಿಸ್ತಾನೇ ಇದ್ದರು. ನಾನು ಆ ಅಂಗಡಿಯ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಅಂಕಲ್ ತೀರಿಹೋಗಿ ಈಗ ಕೆಲವು ವರ್ಷ ಆಯ್ತು. ಆಗ ನಾವು ಸಿಂಗಪುರದಲ್ಲಿ ಇರಲಿಲ್ಲ, ಫೋನಿನಲ್ಲೇ ಅತ್ತಿದ್ದು.

ಈ ಪಾರ್ಸೆಲ್ ಬಂದ ಮೇಲೆ ಮನಸ್ಸು ತಡೀಲಿಲ್ಲ. ಆಂಟಿಗೆ ಫೋನ್ ಮಾಡಿ, ಹೋದ ಭಾನುವಾರ ಹೋಗಿ ಬಂದೆ. ಮಗಳ ಮನೆಯಲ್ಲಿದ್ದಾರೆ. ಕೂದಲು ಪೂರ್ತಿ ಬೆಳ್ಳಗಾಗಿದೆ, ಕೈ ರುಚಿ ಹಾಗೇ ಇದೆ. ಅಂಕಲ್ ಮಾತು ಬಂತು. ಅವರು ಒಬ್ಬರಿಗೂ ಎದುರಾಡಿದವರಲ್ಲ, ಬ್ಯಾಂಕಿನಲ್ಲಿ ಇವತ್ತಿಗೂ ಅವರ ಹೆಸರು ಹೇಳ್ತಾರೆ ಅಂತೆಲ್ಲ ಆಂಟಿ ಹೇಳಿಕೊಂಡರು. ನಾನು ಹೂಂಗುಟ್ತಾ ಕೂತಿದ್ದೆ.

"ಒಬ್ಬರಿಗೂ ಮೋಸ ಮಾಡಿದವರಲ್ಲ" ಅಂದರು ಆಂಟಿ. "ಆ ಕಾರಿಂದು ಒಂದು ಬಿಟ್ರೆ."

"ಏನಂದ್ರಿ ಆಂಟಿ?"

"ಅದೇ, ಅಂಗಡಿಯವನಿಗೆ ಸುಳ್ಳು ಫೋಟೋ ಕೊಟ್ಟದ್ದು. ಎಂತ ಬುದ್ಧಿ ಬಂತೋ ಅವರಿಗೆ. ಗಣೇಶನ ಹಬ್ಬದಲ್ಲಿ ಅಷ್ಟು ಜನರ ಮುಂದೆ ನಂಗೆ ತಲೆ ಎತ್ಲಿಕ್ಕಾಗ್ಲಿಲ್ಲ. ಮನೆಗೆ ಬಂದವಳೇ ಆ ಕಾರು, ರಿಮೋಟ್, ಬಣ್ಣ ಎಲ್ಲ ಕಟ್ಟಿ ಕಸಕ್ಕೆ ಹಾಕಿದೆ. ಇನ್ನು ಅದನ್ನ ಮುಟ್ಟಿದ್ರೆ ನನ್ನಾಣೆ ಅಂದೆ. ಮುಟ್ಲಿಲ್ಲ, ಪಾಪ."

ಮಂಡಿ ನೋವಂತೆ, ಮಂಡಿ ನೋವು! ಅಷ್ಟು ವರ್ಷ ಒಂದೇ ಮನೆಯಲ್ಲಿ ಕೂತು ಆ ಮನುಷ್ಯ ಹೆಂಡತಿಗೂ ಬಾಯಿ ಬಿಟ್ಟಿರಲಿಲ್ಲ. ಆಂಟಿಗೆ ಗೊತ್ತೇ ಇರುತ್ತೆ ಅಂತ ನಾನೂ ಈ ಮಾತು ಎತ್ತಿರಲಿಲ್ಲ. ನಾನು ಎಲ್ಲ ಹೇಳಿದೆ. ಯಾರು ಫೋಟೋ ಹೊಡೆದದ್ದು, ಯಾರು ಬಾಗಿಲಿಗೆ ಅಂಟಿಸಿದ್ದು, ಅಂಕಲ್ ಹೋಗಿ ತೆಗೆಯೋಕೆ ಹೇಳಿದ್ದು, ದಾರಿಯಲ್ಲಿ ನನಗೆ ಹೇಳಿದ ಮಾತು... ಹೇಳ್ತಾ ಹೇಳ್ತಾ ನನ್ನ ಧ್ವನಿ ಏರಿತು. ಅಂಗಡಿಯವನನ್ನ ಬೈದೆ, ಆ ಹುಡುಗರನ್ನ ಬೈದೆ, ಹಬ್ಬದ ಊಟದ ಮಹಾಶಯನನ್ನ ಬೈದೆ. ಇವರಿಗೆಲ್ಲ ಒಳ್ಳೇದಾಗುತ್ತಾ ಆಂಟಿ ಅಂದೆ.

ಆಂಟಿ ಯಾರನ್ನೂ ಬೈಯಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು.

"ಊರೆಲ್ಲ ಹೇಳ್ತು ಅಂತ ನಾನೂ ಹೇಳಿದೆ" ಅಂದರು. "ಮಾಡಿದ್ದು ಹೌದಾ ಅಂತ ಒಂದು ದಿನವೂ ಅವರನ್ನ ಕೇಳ್ಲೇ ಇಲ್ಲ ನೋಡು ನಾನು."

ಬೈಯೋಕೆ ನನ್ನ ಹತ್ತಿರ ಇನ್ನೂ ಬೇಕಾದಷ್ಟು ಇತ್ತು. ಬಾಯಿ ಮುಚ್ಚಿಕೊಂಡು ಆಂಟಿ ಪಕ್ಕದಲ್ಲಿ ಹೋಗಿ ಕೂತೆ.