ಲಕ್ಕಿಯ ಎರಡನೆಯ ಬಾಟಲಿ

ಕೂತಲ್ಲಿ ಕೂರುವುದು ಗೀತಾಂಜಲಿಯ ಜಾಯಮಾನವೇ ಅಲ್ಲ. ಹೊನ್ನಾವರದ ತವರಿನಲ್ಲಿ ಊಟದ ನಡುವೆಯೂ ಎದ್ದು ಓಡಾಡುತ್ತಿದ್ದವಳು. ಕುಮಟಾದಲ್ಲಿ ಆರೋಗ್ಯ ಇಲಾಖೆಯ ಕೆಲಸಕ್ಕೆ ಸೇರಿದ ಮೇಲೆ ಆ ಚಡಪಡಿಕೆ ಸ್ಕೂಟರ್ ಏರಿತು, ಅಷ್ಟೆ. ಅಂಥವಳಿಗೆ ಬಾಡ ಎಂಬ ಊರಿನ ಮಾಸ್ತಮ್ಮನ ಜಗಲಿಯಲ್ಲಿ ಇಡೀ ಹಗಲು ಕಾಯುವ ಕೆಲಸ ಬಂತು.

ಮಾಸ್ತಮ್ಮನ ಮೊಮ್ಮಗಳು ಲಕ್ಕಿಗೆ ನಾಲ್ಕು ವರ್ಷ. ಜ್ವರ ಬಿಟ್ಟ ಬೆಳಿಗ್ಗೆ ಹಾಸಿಗೆಯಿಂದೇಳಲು ಹೋದವಳ ಬಲಗಾಲು ಬಟ್ಟೆಯಂತೆ ಕುಸಿದಿತ್ತು. ಪೋಲಿಯೋ ಅಲ್ಲವೆಂದು ಖಾತ್ರಿಯಾಗಲೇಬೇಕು ಎಂದರು ಡಾಕ್ಟರು. ಅದಕ್ಕೆ ಮಗುವಿನ ಮಲದ ಮಾದರಿ ಒಂದು ದಿನ ಬಿಟ್ಟು ಎರಡು ಸಲ ಬೇಕು. ಬೆಂಗಳೂರಿನ ಲ್ಯಾಬಿನಲ್ಲಿ ಅದರಿಂದ ವೈರಸ್ ಬೆಳೆಸಿ ನೋಡುತ್ತಾರೆ. ದಾರಿಯಲ್ಲಿ ತಂಪು ತಪ್ಪಿದರೆ ವೈರಸ್ ಸತ್ತು, ಇದ್ದದ್ದೂ ಇಲ್ಲವೆಂದಾಗಿಬಿಡಬಹುದು.

ಮೊದಲನೆಯದು ಸಲೀಸಾಗಿ ಸಿಕ್ಕಿತ್ತು. ಎರಡನೆಯದಕ್ಕೆ ಮಗುವಿನ ಹೊಟ್ಟೆ ಕಟ್ಟಿತು. ಗೀತಾಂಜಲಿ ಮಗುವನ್ನು ಕಕ್ಕಸಿಗೆ ಕೂರಿಸುವ ಪಾಟಿಯನ್ನು ತೊಳೆದು ಒಣಗಿಸಿ, ಅದರಲ್ಲಿ ಕಾಗದ ಹಾಸಿಟ್ಟು ಜಗಲಿಗೂ ಅಂಗಳಕ್ಕೂ ತಿರುಗಿದಳು. ಐಸ್ ಡಬ್ಬಿಯ ಮುಚ್ಚಳ ಮುಟ್ಟಿ ನೋಡಿದಳು. ಲಕ್ಕಿಯ ಅಪ್ಪ ದೋಣಿಗೆ, ಅಮ್ಮ ಸಿಗಡಿ ಸುಲಿಯಲು ಹೋಗಿದ್ದರು.

“ಕಾಲು ಬಿದ್ದದ್ದಕ್ಕೆ ಹೊಟ್ಟೆದು ಎಂತಕೆ ನಿಮಗೆ?” ಮಾಸ್ತಮ್ಮ ಸಿಡುಕಿದಳು. ಬೇಲಿಯಾಚೆ ನೆರೆಯವರು ಇಣುಕುವುದು ಅವಳಿಗೆ ಹಿಡಿಸಿರಲಿಲ್ಲ.

“ಆ ವೈರಸ್ ಹೊಟ್ಟೆಲೇ ಬೆಳೂದು ಅಮ್ಮ.”

ಮಧ್ಯಾಹ್ನ ಐಸ್ ಮೆತ್ತಗಾಯಿತು. ಗೀತಾಂಜಲಿ ಆಸ್ಪತ್ರೆಗೆ ಓಡಿ ಬೇರೆ ಐಸ್ ತಂದಳು. ಬರುವಷ್ಟರಲ್ಲಿ, ಮಾದರಿಗೆಂದು ಇಟ್ಟುಹೋಗಿದ್ದ ಬಾಟಲಿ ತುಂಬಿ ಜಗಲಿಯ ಮೇಲಿತ್ತು. “ಆತು, ತಕಂಡು ಹೋಗಿ” ಎಂದಳು ಮಾಸ್ತಮ್ಮ. ಗೀತಾಂಜಲಿ ಮುಚ್ಚಳ ಬಿಗಿದು, ಟೇಪು ಸುತ್ತಿ, ಡಬ್ಬಿಗಿಟ್ಟು ಹೊರಟೇಬಿಟ್ಟಳು.

ಅರ್ಧ ದಾರಿಯಲ್ಲಿ ಮನಸ್ಸು ಕೊರೆಯತೊಡಗಿತು. ಪಾಟಿಯ ಕಾಗದ ಹಾಸಿದ ಹಾಗೇ ಇತ್ತಲ್ಲ? ಒಂದು ಮಡಿಕೆಯೂ ಬಿದ್ದಿರಲಿಲ್ಲ. ಸ್ಕೂಟರ್ ತಿರುಗಿಸಿದಳು.

“ಅಮ್ಮ, ಇದು ಯಾರ್ದು?”

ಮಾಸ್ತಮ್ಮ ನೆಲ ನೋಡಿದಳು. “ದೇವುಂದು.” ದೇವು ಲಕ್ಕಿಯ ತಮ್ಮ, ಈಗಷ್ಟೇ ಓಡಲು ಕಲಿತವನು. “ನೀವು ಬೆಳಿಗ್ಗಿಂದ ಉಪಾಸ ಕೂತಿದ್ರಿ, ನೋಡುಕೆ ಆಗ್ಲಿಲ್ಲ. ಇಬ್ರೂ ಒಂದೇ ಮನೆ ಮಕ್ಕಳು ಅಲ್ದಾ?”

ಗೀತಾಂಜಲಿಗೆ ನಗು ಬಂತು. ಆ ಬಾಟಲಿಯನ್ನು ಡಬ್ಬಿಯಿಂದ ತೆಗೆದು ಬದಿಗಿಟ್ಟಳು. “ಓಡೂ ಮಗುದು ಕಳಿಸಿದ್ರೆ ಬಿದ್ದ ಕಾಲಿಗೆ ಎಂತ ಆಗಿದೆ ಅಂತ ಹೇಗೆ ತಿಳೂದು?”

ಮಾಸ್ತಮ್ಮ ಲಕ್ಕಿಯನ್ನು ಮಡಿಲಿಗೆ ಎಳೆದುಕೊಂಡಳು. “ಪೋಲಿಯೋನೇ ಆದ್ರೆ?”

“ಆದ್ರೆ ಊರಿನ ಎಲ್ಲಾ ಮಕ್ಕಳಿಗೂ ಕೂಡ್ಲೆ ಹನಿ ಹಾಕೂದು. ದೇವುಗೂ.”

ಆಮೇಲೆ ಮಾಸ್ತಮ್ಮ ಬೇರೆಯೇ ಹೆಂಗಸಾದಳು. ಬೇಲಿಯಾಚೆಯವರನ್ನು ಗದರಿ ಓಡಿಸಿದಳು. ಲಕ್ಕಿಗೆ ಬಿಸಿ ಗಂಜಿ ಕುಡಿಸಿದಳು, ಪಪ್ಪಾಯಿ ತಿನ್ನಿಸಿದಳು, ಹೊಟ್ಟೆ ನೀವಿದಳು. ಗೀತಾಂಜಲಿಗೂ ಒಂದು ತಟ್ಟೆ ಗಂಜಿ ಬಂತು, ನಿಂತೇ ಉಂಡಳು. ಬಿಸಿಲು ಇಳಿಯುವ ಹೊತ್ತಿಗೆ ಒಳಗಿನಿಂದ ಮಾಸ್ತಮ್ಮ ಕೂಗಿದಳು: “ಬನ್ನಿ, ಬನ್ನಿ! ಇದು ಅವಳದೇ, ಕಣ್ಣಾರೆ ನೋಡಿ!”

ಹೊಸ ಬಾಟಲಿ ಮೊದಲನೆಯದರ ಜೊತೆಗೆ ಬೆಂಗಳೂರಿಗೆ ಹೋಯಿತು. ವೈರಸ್ ಬೆಳೆಯಲು ಅದರದೇ ಸಮಯ ಬೇಕು, ಯಾರ ಅವಸರಕ್ಕೂ ಅದು ಬಗ್ಗದು. ಆ ವಾರಗಳಲ್ಲಿ ಗೀತಾಂಜಲಿ ಸಂತೆಗುಳಿಯಲ್ಲಿದ್ದರೂ ಭಟ್ಕಳದ ಮೀಟಿಂಗಿನಲ್ಲಿದ್ದರೂ ಫೋನ್ ತೆಗೆದು ನೋಡುತ್ತಲೇ ಇದ್ದಳು.

ಕೊನೆಗೆ ವರದಿ ಬಂತು. ಪೋಲಿಯೋ ವೈರಸ್ ಇಲ್ಲ. ಸುದ್ದಿ ಹೇಳಲು ಬಾಡಕ್ಕೆ ಹೋದಾಗ ಮಾಸ್ತಮ್ಮ ಕೇಳಿದ್ದು ಒಂದೇ: “ಹಾಗಾದ್ರೆ ಎಂತ ಅದು?”

ನರಗಳ ಊತವಿರಬೇಕು, ವ್ಯಾಯಾಮ ಮಾಡಿಸಿದರೆ ನಿಧಾನಕ್ಕೆ ಸರಿಹೋದೀತು ಎಂದಿದ್ದರು ಡಾಕ್ಟರು. ಗೀತಾಂಜಲಿ ಅಷ್ಟನ್ನೇ ಹೇಳಿ, ಲಕ್ಕಿಯ ಬಲಗಾಲಿನ ಅಂಗಾಲಿಗೆ ತನ್ನ ಅಂಗೈ ಕೊಟ್ಟು, “ತಳ್ಳು” ಎಂದಳು. ಲಕ್ಕಿ ಹಲ್ಲು ಕಚ್ಚಿದಳು. ಬೆಕ್ಕಿನ ಮರಿ ಒತ್ತಿದಷ್ಟು ಸಣ್ಣಗೆ, ಆದರೆ ನಿಜವಾಗಿಯೂ, ಕಾಲು ಒತ್ತಿತು.

“ಇನ್ನೊಂದ್ಸಲ” ಎಂದಳು ಗೀತಾಂಜಲಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತ.