ನಕ್ಷೆಯಲ್ಲಿ ಇಲ್ಲದ ಕಾಲುದಾರಿ

ಅಟ್ಲಾಸ್ ಬೆಟ್ಟದ ಬುಡದ ಊರಿನಲ್ಲಿ ಹೊಸ ಕಾಲೇಜಿಗೆ ನಕ್ಷೆ ಬರೆದವಳು ತಿಲಿಲಾ. ಮಣ್ಣಿನ ದಪ್ಪ ಗೋಡೆ, ಮಳೆನೀರಿನ ತೊಟ್ಟಿ, ಎಲ್ಲಕ್ಕೂ ಕಾಲೇಜು ಸಮಿತಿಯ ಒಪ್ಪಿಗೆ ಸಿಕ್ಕಿತ್ತು. ಆದರೂ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಏನೋ ತಪ್ಪಿದೆಯೆಂದು ದಿನವೂ ಆ ಜಾಗ ಸುತ್ತುತ್ತಿದ್ದಳು. ಒಂದು ಬೆಳಿಗ್ಗೆ, ಹುಲ್ಲಿನ ಹೊರೆ ಹೊತ್ತ ಮುದುಕಿ ಇಜ್ಜಾ, ಗೋಡೆಯ ಗುರುತಿಗೆ ನೆಟ್ಟಿದ್ದ ಗೂಟಗಳ ನಡುವೆ ನಿಂತಳು.

"ಇಲ್ಲಿ ಗೋಡೆ ಎದ್ರೆ ನಾವು ತೋಟದಿಂದ ಮನೆಗೆ ಹೆಂಗೆ ಹೋಗೋದು ಮಗಳೇ?"

"ಸುತ್ತು ಹಾಕ್ಕೊಂಡು ಹೋಗ್ಬೇಕಾಗುತ್ತೆ ಅಜ್ಜಿ."

"ನಿನ್ನ ಕಾಲು ಕೊಡು, ಹೋಗ್ತೀನಿ."

ತಿಲಿಲಾ ಅಂದೇ ಕಟ್ಟಡವನ್ನು ಎರಡಾಗಿಸಿ, ನಡುವೆ ಆ ಕಾಲುದಾರಿ ಇದ್ದಲ್ಲೇ ನೆರಳಿನ ಓಣಿ ಬರೆದಳು. ಎರಡು ಕೋಣೆ ಹೋದವೆಂದು ರೇಗಿದ ಸಮಿತಿಯವರು ಕೊನೆಗೆ ಒಪ್ಪಿದರು. ಕಾಲೇಜು ತೆರೆದ ದಿನ ತೋಟದಿಂದ ಮರಳುವ ಹೆಂಗಸರು ಮಾತಾಡುತ್ತ ಆ ಓಣಿಯಲ್ಲೇ ಸಾಗಿದರು. ತಿಲಿಲಾ ಮಾತ್ರ ಭಾಷಣ ಕೇಳದೆ, ನಡುಹಗಲಿಗೆ ನೆರಳು ಸಾಕಾಗುತ್ತದೋ ಇಲ್ಲವೋ ಎಂದು ಅಲ್ಲೇ ಹಿಂದೆ ಮುಂದೆ ಓಡಾಡುತ್ತಿದ್ದಳು.